ದಬ್ಬಳ ಪರೀಕ್ಷೆ

ಮೊದಲು ಫ್ಯಾನ್ ಆರಿಸಬೇಕು.
ಕಿಟಕಿ ಮುಚ್ಚಬೇಕು. ಸೀನು ಬಂದರೆ ಹೊರಗೋಡಬೇಕು.
ಸಿಲಿಕಾ ಪುಡಿ ಅಷ್ಟು ಹಗುರ:
ಚಮಚದಿಂದ ತಕ್ಕಡಿಗೆ ಬರುವಷ್ಟರಲ್ಲಿ
ಅರ್ಧ ಹೊಗೆ, ಅರ್ಧ ಲೆಕ್ಕ.
ಮರಳಿನದೇ ಕುಲ, ಆದರೆ ಹೇಮಾವತಿಯ ಮರಳನ್ನು
ಏಳು ತಲೆಮಾರು ಅರೆದರೂ ಈ ನುಣುಪು ಬಾರದು.
ಹನ್ನೆರಡು ನ್ಯಾನೊಮೀಟರ್ ಎಂದು ಡಬ್ಬಿ ಹೇಳುತ್ತದೆ.
ನಾನು ಕಂಡಿಲ್ಲ. ನಂಬಿದ್ದೇನೆ.

ಸ್ಪಿರಿಟ್ಟಿನಲ್ಲಿ ನೆನೆಸಿ, ಗ್ಲೈಕಾಲಿಗೆ ಚಿಟಿಕೆ ಚಿಟಿಕೆ.
ಅವಸರಕ್ಕೆ ಗಂಟು
ಎಂದು ಮುದ್ದೆ ತೊಳಸುವ ಊರಿನಲ್ಲಿ ಬಿಡಿಸಿ ಹೇಳಬೇಕಿಲ್ಲ.
ಕರೆಂಟಿದ್ದರೆ ಸೋನಿಕೇಟರ್ ಒಂದು ತಾಸು ಗುಂಯ್ಗುಡುತ್ತದೆ,
ಹೋದರೆ ನಾನು, ಒಂದು ಗಾಜಿನ ಕಡ್ಡಿ, ಒಂದಿಷ್ಟು ಬೈಗುಳ.
ಆಮೇಲೆ ಇಡೀ ರಾತ್ರಿ ಎಂಬತ್ತು ಡಿಗ್ರಿಯ ಒಲೆ.
ತೂಕ ಇಳಿಯುವುದು ನಿಂತಾಗ
ಸ್ಪಿರಿಟ್ಟು ಪೂರ್ತಿ ಹೋಯಿತೆಂದು ತಿಳಿ.

ಹತ್ತು ಪರ್ಸೆಂಟಿನದು ಬರೀ ಜಾರಿತು.
ಮೂವತ್ತರದು ಬೀಕರಿನಲ್ಲೇ ಕೂತುಬಿಟ್ಟಿತು,
ಕಡ್ಡಿ ಮುರಿಯಿತು, ಅದರ ದುಡ್ಡು ನನ್ನದು.
ಇಪ್ಪತ್ತರದ್ದನ್ನು ಬಾಟಲಿಗೆ ತುಂಬಿ
ಹೊಳೆನರಸೀಪುರದ ಮೇಲೆ ಮೈಸೂರಿಗೆ ಬಸ್ಸು ಹತ್ತಿದೆ,
ಅಳೆಯುವ ಯಂತ್ರ ಅಲ್ಲಿದೆ.
ಒಂದೊಂದು ಹಂಪಿಗೂ ಮಡಿಲಲ್ಲಿ
ಬಾಟಲಿ ಒಮ್ಮೆ ಬಿಗಿದು, ಮತ್ತೆ ಸಡಿಲಿ,
ಪಕ್ಕದ ಸೀಟಿನ ಹೆಂಗಸು ಕೇಳಿದಳು, ‘ತುಪ್ಪವಾ?’

ಯಂತ್ರದ ತಟ್ಟೆ ಮೆಲ್ಲಗೆ ತಿರುಗಿದಾಗ
ಗೆರೆ ಕೆಳಗಿಳಿಯಿತು: ತುಸು ತೆಳ್ಳಗಾಗಿ, ತುಸು ಸೋತು,
ದಾರಿ ಬಿಟ್ಟಂತೆ ನಟಿಸಿ.
ವೇಗ ಏರಿಸಿದೆವು. ಇನ್ನೂ ಏರಿಸಿದೆವು.
ಒಂದು ಘಳಿಗೆಯಲ್ಲಿ ಕಣಕ್ಕೆ ಕಣ ಹೆಗಲು ಕೊಟ್ಟು
ಗೆರೆ ನೆಟ್ಟಗೆ
ಹಾಳೆಯ ಮೇಲಂಚಿಗೆ ನಿಂತುಕೊಂಡಿತು.

ಹಾಸನಕ್ಕೆ ಬಂದು ಗ್ರಾಫು ಗೋಡೆಗಂಟಿಸಿದೆ.
ಅಟೆಂಡರ್ ದ್ಯಾವಣ್ಣ ಬೀಕರಿಗೆ ಬೆರಳದ್ದಿ, ಗುದ್ದಿ ನೋಡಿ,
‘ಇದು ನಮ್ಮನೆ ಆಲೂಗೆಡ್ಡೆ ಗಸಿ ಕಣವ್ವ’ ಅಂದ.
ಹಪ್ಪಳಕ್ಕೆ ಗೆಡ್ಡೆ ತುರಿದ ನೀರಿನ ತಳದಲ್ಲಿ
ಬೆಳ್ಳಗೆ ಕೂರುತ್ತಲ್ಲ, ಗುದ್ದಿದರೆ ಕಲ್ಲು, ಸವರಿದರೆ ಹಾಲು,
ಮೊಮ್ಮಗ ಅದರ ಜೊತೆ ದಿನವೂ ಜಗಳವಾಡುತ್ತಾನಂತೆ.
ಮೂರು ವರ್ಷದ ನನ್ನ ಪೀಠಿಕೆ
ಚಿಕ್ಕತಾಯಮ್ಮನ ಬಕೆಟ್ಟಿನಲ್ಲಿತ್ತು.

ಪರೀಕ್ಷೆಯ ಮೊಳೆಗೆ ಕ್ಯಾಟಲಾಗಿನ ಬೆಲೆ ಕೈಗೆಟುಕಲಿಲ್ಲ.
ದ್ಯಾವಣ್ಣ ಮನೆಯಿಂದ ತನ್ನ ದಬ್ಬಳ ತಂದ:
ಎಪಿಎಂಸಿ ಯಾರ್ಡಿನಲ್ಲಿ ಹನ್ನೆರಡು ಸುಗ್ಗಿ
ಆಲೂಗೆಡ್ಡೆ ಚೀಲದ ಬಾಯಿ ಹೊಲಿದದ್ದು.
ಕೆಳಗೆ ಜೇಡಿಮಣ್ಣು, ಮೇಲೆ ನಾಲ್ಕು ಪದರ ಬಟ್ಟೆ,
ಒಂದು ಕಿಲೋ ಕಟ್ಟಿ ಮೊಳದೆತ್ತರದಿಂದ ಬಿಟ್ಟೆವು.
ಒಣಬಟ್ಟೆ: ಮಣ್ಣಿನವರೆಗೂ ತೂತು.
ನೆನೆದ ಬಟ್ಟೆ: ಠಪ್ಪೆಂದು ನಿಂತಿತು,
ಮೊನೆ ಒಂದಿಷ್ಟು ಸೊಟ್ಟ.
ಐದು ಸಲ, ಐದೂ ಸಲ.
ಹಮಾಲರಿಗೆ ಕೈಗವಸು! ಎಂದು ನಾನು
ಪೇಪರಿನ ಕೊನೆಯ ವಾಕ್ಯವನ್ನು ಆಗಲೇ ಬರೆಯುತ್ತಿದ್ದೆ.

ದ್ಯಾವಣ್ಣ ಮೊನೆಯನ್ನು ಕಲ್ಲಿಗೆ ತಿದ್ದಿ
ಬಟ್ಟೆಯ ಮೇಲಿಟ್ಟು
ಸುಮ್ಮನೆ ಭಾರ ಬಿಟ್ಟ.
ಗುದ್ದಲಿಲ್ಲ, ಒತ್ತಲೂ ಇಲ್ಲ,
ದಾರಿ ಕೇಳುವವನ ಹಾಗೆ ಬಿಟ್ಟ.
ಅದು ಹೋಯಿತು.
ಒಂದು, ಎರಡು, ಮೂರು, ನಾಲ್ಕು, ಮಣ್ಣು.

‘ನಂಗೂ ಇಂಗೇ ಓಗಿದ್ದು’ ಅಂದು ಅಂಗೈ ತೆರೆದ.
ಹೆಬ್ಬೆರಳ ಬುಡದಲ್ಲಿ ಹೊಳೆಯುವ ಒಂದು ಚುಕ್ಕೆ.
‘ಎರಡನೇ ರಾತ್ರಿ ಲೋಡು, ಬೆಳಗಿನ ಜಾವ. ತೂಕಡಿಸ್ತಿದ್ದೆ.
ಗುದ್ದಿದ್ರೆ ಎಚ್ಚರ ಆಗ್ತಿತ್ತು ಕಣವ್ವ.
ಮೆಲ್ಲುಕ್ ಬಂತು.’

ನಿದ್ದೆಗೆ ನನ್ನ ಕೋಷ್ಟಕದಲ್ಲಿ ಕಲಮು ಇಲ್ಲ.
ಷರಾ ಎಂಬಲ್ಲಿ ಬರೆದೆ: ನಿಧಾನಕ್ಕೆ, ತಡೆಯದು.
ಗೈಡು ಅದನ್ನು ಹೊಡೆದುಹಾಕುತ್ತಾರೇನೋ.

ಅಷ್ಟರಲ್ಲಿ ಅವನು ಬೀಕರು ತೊಳೆಯುತ್ತಿದ್ದ.
ಬ್ರಷ್ ಹಾಕಿ ಉಜ್ಜಲು ಹೋದ ನನ್ನನ್ನು ತಡೆದು
ಬಿಸಿನೀರು ಹೊಯ್ದು, ಪಕ್ಕಕ್ಕಿಟ್ಟು,
‘ಒಸಿ ತಾಳಿ, ಅದೇ ಬುಡ್ತದೆ’ ಅಂದ.